ಕೂಲರ್ ಮುಟ್ಟಿದ್ರೆ ಜುಮ್ ಅನ್ನುತ್ತೆ, ಓನರ್ "ಅರ್ಥಿಂಗ್ ಇದೆ" ಅಂತಾರೆ. ಏನು ಮಾಡಲಿ?

ಬಿಸಿಲೂರ ಹುಡುಗ (ಬಳ್ಳಾರಿ):
ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್ ಕಡೆ ಬಾಡಿಗೆ ಮನೆ, ಬಂದು ಎಂಟು ತಿಂಗಳಾಯ್ತು. ಹೋದ ವಾರ ಅಟ್ಟದಿಂದ ಕೂಲರ್ ಇಳಿಸಿದೆವು. ತಗಡಿನ ಬಾಡಿ, ಹುಲ್ಲಿನ ಪ್ಯಾಡ್, ನಮ್ಮಪ್ಪನ ಕಾಲದ್ದು. ಗಾಳಿ ಚೆನ್ನಾಗಿ ಬರುತ್ತೆ. ಆದ್ರೆ ಮೊನ್ನೆ ಮಗಳು ನೀರು ಎಷ್ಟಿದೆ ನೋಡೋಕೆ ಹೋಗಿ ಅದರ ಮೇಲೆ ಕೈ ಇಟ್ಟವಳು "ಅಪ್ಪಾ, ಕೂಲರ್ ಕಚ್ಚಿತು" ಅಂದಳು. ಐದು ವರ್ಷದ ಮಗು. ಬರಿಗಾಲು. ಶಹಾಬಾದ್ ಬಂಡೆಯ ನೆಲ, ಅದರ ಮೇಲೆ ಕೂಲರ್ ನೀರು ತೊಟ್ಟಿಕ್ಕಿ ಒದ್ದೆ. ನಾನು ಚಪ್ಪಲಿ ಹಾಕಿ ಮುಟ್ಟಿದೆ, ಏನೂ ಇಲ್ಲ. ಚಪ್ಪಲಿ ಬಿಟ್ಟು ಬೆರಳಿನ ಹಿಂಬದಿ ತಾಗಿಸಿದೆ, ಜುಮ್ ಅಂತು.

ಓನರ್‌ಗೆ ಹೇಳಿದೆ. "ಅರ್ಥಿಂಗ್ ಮಾಡಿಸಿಯೇ ಮನೆ ಕಟ್ಟಿದ್ದು, ನಿಮ್ಮ ಕೂಲರ್ರೇ ಹಾಳಾಗಿದೆ" ಅಂದ್ರು. ಪ್ಲಗ್ ಮೂರು ಪಿನ್ನಿನದೇ. ಬೋರ್ಡಲ್ಲೂ ಮೂರು ತೂತು ಇವೆ. ಕೂಲರ್ ಗುಜರಿಗೆ ಹಾಕಬೇಕಾ, ಇಲ್ಲ ಮನೆ ನೋಡಿಸಬೇಕಾ?

ಸುಮ್ನೆ ಓದೋನು:
ಮೊದಲು ಪ್ಲಗ್ ಕೀಳಿ. ಆಮೇಲೆ ಚರ್ಚೆ.

ಮಾನ್ವಿ ಅಕ್ಕ:
ಅರ್ಥ್ ಗುಂಡಿ, ಅಂದ್ರೆ ಅರ್ಥ್ ತಂತಿಯ ಪೈಪ್ ನೆಲಕ್ಕಿಳಿದ ಗುಂಡಿ, ಒಣಗಿರುತ್ತೆ ತಮ್ಮಾ. ಎರಡು ಕೊಡ ನೀರು, ಒಂದು ಬೊಗಸೆ ಉಪ್ಪು ಹಾಕಿ ನೋಡು. ನಮ್ಮತ್ತೆ ಬೇಸಿಗೆಯಲ್ಲಿ ಪ್ರತಿ ಶುಕ್ರವಾರ ಬಾಗಿಲು ತೊಳೆದು ಉಳಿದ ನೀರನ್ನು ಗುಂಡಿಗೆ ಸುರೀತಾರೆ. ತುಳಸಿಗೆ ಒಂದು ತಂಬಿಗೆ, ಅದಕ್ಕೆ ಒಂದು ಕೊಡ.

ಗಂಗಾವತಿ ಮಿಲ್ಲು:
ಅಕ್ಕ ಹೇಳಿದ್ದು ಅರ್ಧ ಸರಿ. ನೀರು ಹಾಕಿ, ಉಪ್ಪು ಮಾತ್ರ ಹಾಕ್ತಾ ಇರಬೇಡಿ. ನಾನು ರೈಸ್ ಮಿಲ್ ಎಲೆಕ್ಟ್ರಿಷಿಯನ್. ನಮ್ಮಲ್ಲಿ ವಾಚ್‌ಮನ್ ವಾರ ವಾರ ಉಪ್ಪಿನ ನೀರು ಸುರೀತಿದ್ದ, ಬಹಳ ಶ್ರದ್ಧೆ. ಒಂದು ಸಲ ರಿಪೇರಿಗೆ ಅಂತ ಜಿಐ ಪೈಪ್ ಎಳೆದ್ರೆ ಮೇಲಿನ ಎರಡು ಅಡಿ ಕೈಗೆ ಬಂತು, ಕೆಳಗಿನದು ಮಣ್ಣಲ್ಲೇ ಉಳೀತು. ಉಪ್ಪು ಪೈಪನ್ನು ಹಪ್ಪಳ ಮಾಡಿತ್ತು. ಮೇಲಿಂದ ನೋಡಿದ್ರೆ ಗುಂಡಿ, ಮುಚ್ಚಳ, ತಂತಿ ಎಲ್ಲ ನೆಟ್ಟಗೇ ಇತ್ತು.

ಜೀನ್ಸ್ ಹೊಲಿಗೆ (ಬಳ್ಳಾರಿ):
ಇಷ್ಟೆಲ್ಲ ಯಾಕೆ ಬ್ರದರ್. ನಮ್ಮ ಯೂನಿಟ್‌ನಲ್ಲಿ ಹೊಲಿಗೆ ಮಷಿನ್‌ಗಳೆಲ್ಲ ಜುಮ್ ಅಂತಿದ್ವು. ಎಲೆಕ್ಟ್ರಿಷಿಯನ್ ಬಂದು ಮಷಿನ್ ಸಾಕೆಟ್‌ಗಳಲ್ಲೆಲ್ಲ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗೋ ವೈರ್) ಮೇಲಿನ ದೊಡ್ಡ ಅರ್ಥ್ ತೂತಿಗೆ ಒಂದೊಂದು ತುಂಡು ವೈರ್ ಜಂಪರ್ ಹಾಕಿದ. ಟೆಸ್ಟರ್ ಆರಿಹೋಯ್ತು. ಹತ್ತು ವರ್ಷ ಆಯ್ತು, ಒಂದು ತೊಂದರೆ ಇಲ್ಲ. ಖರ್ಚು ಇನ್ನೂರು ರೂಪಾಯಿ.

ಹಳೇ ಮೀಟರ್ (ರಾಯಚೂರು):
ದಯವಿಟ್ಟು ಯಾರೂ ಈ ಜಂಪರ್ ಸಲಹೆ ಕೇಳಬೇಡಿ. ಮೂವತ್ತು ವರ್ಷ ಸ್ವಿಚ್‌ಯಾರ್ಡ್‌ನಲ್ಲಿ ಕೆಲಸ ಮಾಡಿದವನು ಹೇಳ್ತಿದ್ದೇನೆ. ಹತ್ತು ವರ್ಷ ಏನೂ ಆಗಿಲ್ಲ ಅಂದ್ರೆ ಹತ್ತು ವರ್ಷ ನಿಮ್ಮ ನ್ಯೂಟ್ರಲ್ ಕಟ್ ಆಗಿಲ್ಲ ಅಂತ ಅರ್ಥ, ಅಷ್ಟೆ.

ಕಟ್ ಆದ ದಿನ ಏನಾಗುತ್ತೆ ನೋಡಿ. ಫೇಸ್ ವೈರಲ್ಲಿ ಕರೆಂಟ್ ಬರ್ತಾ ಇದೆ. ಫ್ಯಾನ್ ಒಳಗೆ ಹೋಗಿ ನ್ಯೂಟ್ರಲ್ ವೈರಿಗೆ ಬರುತ್ತೆ. ಅಲ್ಲಿಂದ ಮುಂದೆ ದಾರಿ ಇಲ್ಲ. ಫ್ಯಾನ್ ನಿಲ್ಲುತ್ತೆ. ನೀವು ಕರೆಂಟ್ ಹೋಯ್ತು ಅಂದ್ಕೋತೀರಿ. ಆದ್ರೆ ಆ ನ್ಯೂಟ್ರಲ್ ವೈರಲ್ಲಿ ಈಗ 230 ವೋಲ್ಟ್ ನಿಂತಿದೆ, ನಿಮ್ಮ ಜಂಪರ್ ಅದನ್ನು ಪ್ರತಿ ಮಷಿನ್ನಿನ ಬಾಡಿಗೂ ಹಂಚುತ್ತಿದೆ. ಮಷಿನ್ ಕೆಟ್ಟಿರಬೇಕು ಅಂತಲೂ ಇಲ್ಲ. ಎಲ್ಲ ಹೊಸದಾಗಿದ್ರೂ ಹೀಗೇ.

ಜೀನ್ಸ್ ಹೊಲಿಗೆ (ಬಳ್ಳಾರಿ):
ಸರ್, ಟ್ರಾನ್ಸ್‌ಫಾರ್ಮರ್ ಹತ್ರ ನ್ಯೂಟ್ರಲ್ಲನ್ನು ನೆಲಕ್ಕೇ ಕೊಟ್ಟಿರ್ತಾರಲ್ಲ? ಅಲ್ಲಿ ಜೋಡಿಸಬಹುದು, ನಾವು ಜೋಡಿಸಬಾರದಾ?

ಹಳೇ ಮೀಟರ್ (ರಾಯಚೂರು):
ಒಳ್ಳೆ ಪ್ರಶ್ನೆ. ಅಲ್ಲಿ ಜೋಡಿಸೋದು ಹುಟ್ಟಿದ ಜಾಗದಲ್ಲಿ. ಅಲ್ಲಿಂದ ನಿಮ್ಮ ಸಾಕೆಟ್‌ವರೆಗೆ ಎಷ್ಟು ಜಾಯಿಂಟು, ಎಷ್ಟು ಕಂಬ, ಎಷ್ಟು ಸಡಿಲ ಸ್ಕ್ರೂ ಇದೆ ಲೆಕ್ಕ ಹಾಕಿ. ನಡುವೆ ಎಲ್ಲಿ ಬಿಚ್ಚಿದ್ರೂ ಜಂಪರ್ ನಿಮ್ಮ ಮೇಲೆ ತಿರುಗಿ ಬೀಳುತ್ತೆ. ನ್ಯೂಟ್ರಲ್ ಕೆಲಸ ದಿನವೂ ಕರೆಂಟ್ ಹೊರೋದು. ಅರ್ಥ್ ವೈರ್ ಕೆಲಸ ದಿನವೂ ಸುಮ್ನಿರೋದು. ಇಬ್ಬರನ್ನೂ ಸಾಕೆಟ್ ಒಳಗೆ ಒಂದು ಮಾಡಬೇಡಿ.

ಗಂಗಾವತಿ ಮಿಲ್ಲು:
ಕಾರಟಗಿ ಹತ್ರ ನಮ್ಮ ಮಾವನ ಅಂಗಡಿಯಲ್ಲಿ ಥೇಟ್ ಇದೇ ಆಗಿತ್ತು. ಮಳೆಗಾಳಿಗೆ ಕಂಬದ ನ್ಯೂಟ್ರಲ್ ಬಿಚ್ಚಿಕೊಂಡಿದೆ. ಲೈಟ್ ಹೋಯ್ತು ಅಂತ ಮಾವ ಫ್ರಿಜ್ ಬಾಗಿಲು ತೆಗೆದು ಒಳಗಿನ ಹಾಲಿನ ಪಾಕೆಟ್ ಎತ್ತೋಕೆ ಹೋದ್ರು. ಎರಡು ಮಾರು ದೂರ ಬಿದ್ರು. ಬದುಕಿದ್ದು ಪುಣ್ಯ. ಕೈಯಲ್ಲಿ ಇವತ್ತಿಗೂ ಗುರುತಿದೆ.

ಜೀನ್ಸ್ ಹೊಲಿಗೆ (ಬಳ್ಳಾರಿ):
ಸರಿ ಸರಿ. ಭಾನುವಾರ ಎಲ್ಲ ಬಿಚ್ಚಿಸ್ತೀನಿ. ಹೆದರಿಸಿಬಿಟ್ರಿ.

ಬಿಸಿಲೂರ ಹುಡುಗ (ಬಳ್ಳಾರಿ):
ಎಲ್ಲ ಓದ್ತಾ ಇದ್ದೀನಿ. ಒಂದು ವಿಚಿತ್ರ ಹೇಳ್ತೀನಿ. ಟೆಸ್ಟರ್ ತಂದು ನೋಡಿದೆ. ಕೂಲರ್ ಸ್ವಿಚ್ ಆನ್ ಮಾಡಿದ್ರೆ ಬಾಡಿ ಮೇಲೆ ಟೆಸ್ಟರ್ ಉರಿಯುತ್ತೆ. ಸ್ವಿಚ್ ಆಫ್ ಮಾಡಿದ್ರೂ ಉರಿಯುತ್ತೆ! ಪ್ಲಗ್ ಕಿತ್ರೆ ಮಾತ್ರ ಆರುತ್ತೆ. ಆಫ್ ಇದ್ದಾಗ ಕರೆಂಟ್ ಎಲ್ಲಿಂದ ಬರುತ್ತೆ?

ಸುಮ್ನೆ ಓದೋನು:
ದೆವ್ವ.

ಹಳೇ ಮೀಟರ್ (ರಾಯಚೂರು):
ದೆವ್ವ ಅಲ್ಲ, ಇದೇ ಸುಳಿವು. ಸ್ವಿಚ್ಚು ಕತ್ತರಿಸೋದು ಫೇಸನ್ನು ಮಾತ್ರ. ಮೇಲಿನ ದೊಡ್ಡ ಪಿನ್ನಿಗೆ ಸ್ವಿಚ್ ಇರಲ್ಲ, ಅದು ಯಾವಾಗಲೂ ಜೋಡಿಸೇ ಇರುತ್ತೆ. ಆ ಪಿನ್ನನ್ನು ಉದ್ದ ಮಾಡಿರೋದೂ ಅದಕ್ಕೇ. ಪ್ಲಗ್ ಹಾಕುವಾಗ ಅರ್ಥ್ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಹಾಗಾಗಿ ನಿಮ್ಮ ಕೂಲರ್‌ಗೆ ಕರೆಂಟ್ ಬರ್ತಿರೋದು ಅರ್ಥ್ ಪಿನ್ನಿನಿಂದ. ಕಚ್ಚುತ್ತಿರೋದು ಕೂಲರ್ ಅಲ್ಲ, ಮನೆ.

ಈಗ ಒಂದು ಕೆಲಸ ಮಾಡಿ. ಕೂಲರ್ ಪ್ಲಗ್ ಹಾಕಿ, ಸ್ವಿಚ್ ಆಫ್ ಇರಲಿ. ಮಗುವನ್ನು ಬೇರೆ ಕೋಣೆಗೆ ಕಳಿಸಿ. ನೀವು ಒಣ ಚಪ್ಪಲಿ ಹಾಕಿರಿ. ಮನೆಯ ಉಳಿದ ಮೂರು ಪಿನ್ ಪ್ಲಗ್‌ಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸಿ, ಟಿವಿ. ಯಾವುದು ಕಿತ್ತಾಗ ಕೂಲರ್ ಮೇಲಿನ ಟೆಸ್ಟರ್ ಆರುತ್ತೆ, ಕಳ್ಳ ಅದೇ.

ಕೊಪ್ಪಳ ಸೋಲಾರ್:
ಒಂದು ಮಾತು ಸೇರಿಸ್ತೀನಿ. ಟೆಸ್ಟರ್ ಉರಿದ ತಕ್ಷಣ ಶಾಕ್ ಅಂತ ತಿಳ್ಕೋಬೇಡಿ. ಆ ಪುಟ್ಟ ನಿಯಾನ್ ದೀಪಕ್ಕೆ ಅತಿ ಕಡಿಮೆ ಕರೆಂಟ್ ಸಾಕು. ಕಂಪ್ಯೂಟರ್ ಡಬ್ಬಿಯ ಪವರ್ ಸಪ್ಲೈ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಇಲ್ಲದಿದ್ರೆ ಡಬ್ಬಿ ಸುಮಾರು 115 ವೋಲ್ಟ್‌ಗೆ ತೇಲುತ್ತೆ, ಟೆಸ್ಟರ್ ಝಗ್ ಅಂತ ಉರಿಯುತ್ತೆ. ಮುಟ್ಟಿದ್ರೆ ಇರುವೆ ಹರಿದ ಹಾಗೆ ಅಷ್ಟೆ. ಅರ್ಥ್ ಕೊಟ್ಟ ಕೂಡಲೇ ಮಾಯ. ಆದ್ರೆ ಒದ್ದೆ ನೆಲದ ಕೂಲರ್‌ನಲ್ಲಿ ಜುಮ್ ಅಂದ್ರೆ ಅದನ್ನು ಇದೇ ಲೆಕ್ಕಕ್ಕೆ ಹಾಕಬೇಡಿ.

ಎರೆಹೊಲ (ಸಿಂಧನೂರು):
ನನ್ನದೊಂದು ಪ್ರಶ್ನೆ ಇದೆ, ಮಧ್ಯೆ ಬಂದೆ ಅಂತ ಬೇಜಾರಾಗಬೇಡಿ. ಹೊಲದಲ್ಲಿ 5 ಎಚ್‌ಪಿ ಮೋಟರ್. ಸ್ಟಾರ್ಟರ್ ಡಬ್ಬಿ ಮಳೆಗಾಲದಲ್ಲಿ ಏನೂ ಅನ್ನಲ್ಲ, ಮಾರ್ಚ್ ಬಂತು ಅಂದ್ರೆ ಹೊಡೆಯುತ್ತೆ. ಎರೆ ಭೂಮಿಯಲ್ಲಿ ಅರ್ಥ್ ಚೆನ್ನಾಗಿ ಸಿಗುತ್ತೆ ಅಂತಾರಲ್ಲ?

ಹಳೇ ಮೀಟರ್ (ರಾಯಚೂರು):
ಹಸಿ ಇದ್ದಾಗ ಎರೆಯಂಥ ಮಣ್ಣು ಇಲ್ಲ ಗೌಡ್ರೇ. ಆದ್ರೆ ಬೇಸಿಗೆಯಲ್ಲಿ ಎರೆ ಬಿರಿಯುತ್ತೆ ಅಲ್ವಾ? ಮಣ್ಣು ಕುಗ್ಗಿ ಪೈಪಿನಿಂದ ದೂರ ಸರಿಯುತ್ತೆ. ಪೈಪ್ ನೆಲದೊಳಗೆ ಇದೆ, ನೆಲಕ್ಕೆ ತಾಗಿಲ್ಲ.

ಎರೆಹೊಲ (ಸಿಂಧನೂರು):
ನಿಜ ರೀ! ಈಗಲೇ ಹೋಗಿ ನೋಡಿ ಬಂದೆ. ಪೈಪಿನ ಸುತ್ತ ಬೆರಳು ಇಳಿಯುವಷ್ಟು ಸಂದು. ಒಂದು ಜೋಳದ ದಂಟು ಹಾಕಿದೆ, ಮೊಳ ಉದ್ದ ಒಳಗೆ ಹೋಯ್ತು. ಅದೂ ಬರೀ ಮೂರು ಅಡಿ ಪೈಪು, ಮೋಟರ್ ಇಳಿಸಿದವನು ಸುತ್ತಿಗೆಯಲ್ಲಿ ಹೊಡೆದು ಹೋಗಿದ್ದಾನೆ.

ಗಂಗಾವತಿ ಮಿಲ್ಲು:
ಮೂರಡಿ ಸಾಲಲ್ಲ ಅಣ್ಣ. ಐಎಸ್ 3043 ಅಂತ ಅರ್ಥಿಂಗ್‌ಗೇ ಒಂದು ಸ್ಟ್ಯಾಂಡರ್ಡ್ ಇದೆ. ಅದರ ಪ್ರಕಾರ ಪೈಪ್ ಎರಡೂವರೆ ಮೀಟರ್ ಉದ್ದ ಇರಬೇಕು, ಅಂದ್ರೆ ಎಂಟಡಿ ಮೇಲೆ. ಆಳಕ್ಕೆ ಹೋದ್ರೆ ಬೇಸಿಗೆಯಲ್ಲೂ ತಂಪು ಸಿಗುತ್ತೆ. ಕಾಲುವೆ ಪಕ್ಕವೋ, ಬೋರಿನ ನೀರು ಸೋರುವ ಜಾಗವೋ ನೋಡಿ ಹಾಕಿ. ಸುತ್ತ ಇದ್ದಿಲು ತುಂಬಿಸಿ. ಇನ್ನೊಂದು, ಮೂರು ಫೇಸ್ ಮೋಟರ್‌ಗೆ ಅರ್ಥ್ ಎರಡು ಬೇಕು, ಬೇರೆ ಬೇರೆ ಎರಡು ತಂತಿ. ಒಂದು ತುಕ್ಕು ಹಿಡಿದು ಹೋದ್ರೂ ಇನ್ನೊಂದು ಇರಲಿ ಅಂತ. ನಿಯಮವೇ ಹಾಗಿದೆ. ಮಿಲ್ಲಲ್ಲಿ ಇನ್‌ಸ್ಪೆಕ್ಟರ್ ಬಂದ್ರೆ ಮೊದಲು ನೋಡೋದು ಇದನ್ನೇ.

ಕಲ್ಲುಬಂಡೆ (ಆನೆಗುಂದಿ):
ನಿಮಗೆಲ್ಲ ಮಣ್ಣಾದ್ರೂ ಇದೆ. ನಮ್ಮ ಕಡೆ ಎರಡಡಿ ತೋಡಿದ್ರೆ ಟಣ್ ಅನ್ನುತ್ತೆ. ಎಂಟಡಿ ಪೈಪ್ ಇಳಿಸಬೇಕು ಅಂದ್ರೆ ಡೈನಮೈಟ್ ಬೇಕು.

ಕೊಪ್ಪಳ ಸೋಲಾರ್:
ಬಂಡೆ ಇದ್ದ ಕಡೆ ಕೆಳಗೆ ಹೋಗಬೇಡಿ, ಅಡ್ಡ ಹೋಗಿ. ಅರ್ಧ ಮೀಟರ್ ಆಳದ ಕಾಲುವೆ ತೋಡಿ ಜಿಐ ಪಟ್ಟಿ ಮಲಗಿಸಿ, ಹದಿನೈದು ಮೀಟರ್ ಉದ್ದ. ನಾವು ಅಂಜನಾದ್ರಿ ಕಡೆ ಒಂದು ಹೋಂಸ್ಟೇಗೆ ಹಾಗೇ ಮಾಡಿದ್ವಿ. ಬಾಳೆಗಿಡದ ಸಾಲಿನ ಬುಡದಲ್ಲೇ ಪಟ್ಟಿ ಹಾಯಿಸಿದ್ವಿ. ಬಾಳೆಗೆ ಬಿಟ್ಟ ನೀರೇ ಅರ್ಥಿಗೂ ಆಯ್ತು.

ಕಲ್ಲುಬಂಡೆ (ಆನೆಗುಂದಿ):
ಬಾಳೆಯ ಐಡಿಯಾ ಸಖತ್. ಗೊನೆ ಬಂದ್ರೆ ನಿಮಗೊಂದು ಚಿಪ್ಪು.

ಎರೆಹೊಲ (ಸಿಂಧನೂರು):
ಪೈಪ್ ಉದ್ದ ಹಾಕಿಸ್ತೀನಿ. ಹಾಕಿದ ಮೇಲೆ ಡಬ್ಬಿ ಧೈರ್ಯವಾಗಿ ಮುಟ್ಟಬಹುದಾ?

ಹಳೇ ಮೀಟರ್ (ರಾಯಚೂರು):
ಇಲ್ಲ. ಇಲ್ಲೇ ಎಲ್ಲರೂ ಎಡವೋದು, ಸ್ವಲ್ಪ ಉದ್ದ ಬರೀತೀನಿ.

ಕರೆಂಟ್ ಭೂಮಿಗೆ ಇಳಿದು ಅಲ್ಲೇ ಇಂಗಿಹೋಗುತ್ತೆ ಅಂತ ಒಂದು ನಂಬಿಕೆ ಇದೆ. ಭೂಮಿತಾಯಿ ಎಲ್ಲ ನುಂಗುತ್ತಾಳೆ ಅಂತ. ಹಾಗಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ಹೊರಟ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೇ ವಾಪಸ್ ಹೋಗಬೇಕು. ನಿಮ್ಮ ಗುಂಡಿಗೆ ಇಳಿದದ್ದು ಮಣ್ಣಿನ ಮೂಲಕ ಹಾದು ಟ್ರಾನ್ಸ್‌ಫಾರ್ಮರ್ ಗುಂಡಿಯಲ್ಲಿ ಮೇಲೆ ಬಂದು ನ್ಯೂಟ್ರಲ್ ಸೇರುತ್ತೆ. ದಾರಿಯಲ್ಲಿ ಎಷ್ಟು ತಡೆ ಇದೆಯೋ ಅಷ್ಟು ಕಡಿಮೆ ಕರೆಂಟ್.

ಮನೆಯ ಲೆಕ್ಕ ತಗೊಳ್ಳಿ, ಸುಲಭ. ನಿಮ್ಮ ಗುಂಡಿಯ ತಡೆ 5 ಓಮ್ ಇರಲಿ. ಅದು ಒಳ್ಳೆ ಗುಂಡಿಯೇ. ಟ್ರಾನ್ಸ್‌ಫಾರ್ಮರ್ ಕಡೆಯದು 2 ಓಮ್. ಒಟ್ಟು 7. ಫೇಸ್ ವೈರ್ ಮಷಿನ್ ಬಾಡಿಗೆ ತಾಗಿತು. 230 ಭಾಗಿಸು 7, ಸುಮಾರು 33 ಆಂಪಿಯರ್ ಹರಿಯುತ್ತೆ. ನಿಮ್ಮ 16 ಆಂಪಿಯರ್ ಸಿ ಟೈಪ್ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್) ತಟ್ಟನೆ ಬೀಳಬೇಕು ಅಂದ್ರೆ 80ರಿಂದ 160 ಆಂಪಿಯರ್ ಬೇಕು. 33ಕ್ಕೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುತ್ತೆ, ನಿಮಿಷವೇ ಆಗಬಹುದು. ಅಷ್ಟು ಹೊತ್ತು ಬಾಡಿ ಮೇಲೆ ಎಷ್ಟು ವೋಲ್ಟ್ ನಿಂತಿರುತ್ತೆ? 33 ಗುಣಿಸು 5. ಹತ್ತಿರ ಹತ್ತಿರ 165. ಅರ್ಥಿಂಗ್ ಇದ್ದ ಮಷಿನ್, ಒಳ್ಳೆ ಗುಂಡಿ, ಎಂಸಿಬಿನೂ ಇದೆ. ಆದ್ರೂ 165 ವೋಲ್ಟ್.

ಅದಕ್ಕೇ ಆರ್‌ಸಿಸಿಬಿ, ಅಂದ್ರೆ ಸೋರಿಕೆ ಹಿಡಿಯೋ ಸ್ವಿಚ್, ಬೇಕು ಅನ್ನೋದು. ಅದು ಎಷ್ಟು ಕರೆಂಟ್ ಹೋಯ್ತು ಅಂತ ನೋಡಲ್ಲ. ಫೇಸ್‌ನಲ್ಲಿ ಹೋದದ್ದು, ನ್ಯೂಟ್ರಲ್‌ನಲ್ಲಿ ಬಂದದ್ದು ಎರಡನ್ನೂ ತೂಗುತ್ತೆ. 30 ಮಿಲಿಆಂಪಿಯರ್ ಲೆಕ್ಕ ತಪ್ಪಿತು ಅಂದ್ರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಡಿತ. ಬೇಸಿಗೆಯಲ್ಲಿ ನಿಮ್ಮ ಎರೆ ಗುಂಡಿ ಕೆಟ್ಟು 100 ಓಮ್ ಆಗಿದ್ರೂ 2 ಆಂಪಿಯರ್ ಮೇಲೆ ಸೋರುತ್ತೆ, ಆರ್‌ಸಿಸಿಬಿಗೆ ಅದು ಧಾರಾಳ ಸಾಕು.

ಗೌಡ್ರೇ, ನಿಮ್ಮ ಮೂರು ಫೇಸ್ ಮೋಟರ್‌ಗೆ ನಾಲ್ಕು ಪೋಲಿನ ಆರ್‌ಸಿಸಿಬಿ ಬರುತ್ತೆ. ಅದೂ ಬೇಕು, ಪೈಪೂ ಬೇಕು. ಮುಟ್ಟೋ ಮುಂಚೆ ಮೇನ್ ಇಳಿಸೋ ಅಭ್ಯಾಸವೂ ಬೇಕು.

ಮಾನ್ವಿ ಅಕ್ಕ:
ಅರ್ಥ್ ಇಲ್ಲದೆ ಬರೀ ಆರ್‌ಸಿಸಿಬಿ ಹಾಕಿದ್ರೆ?

ಹಳೇ ಮೀಟರ್ (ರಾಯಚೂರು):
ಆಗ ಸೋರಿಕೆಗೆ ದಾರಿ ಇಲ್ಲ ತಾಯಿ. ಯಾರಾದ್ರೂ ಮುಟ್ಟಿದಾಗ ಅವರೇ ದಾರಿ ಆಗ್ತಾರೆ, ಆಮೇಲೆ ಅದು ಬೀಳುತ್ತೆ. ಅರ್ಥ್ ಇದ್ರೆ ಯಾರೂ ಮುಟ್ಟೋ ಮುಂಚೆಯೇ ಬೀಳುತ್ತೆ.

ಸುಮ್ನೆ ಓದೋನು:
ಈ ಒಂದು ಉತ್ತರಕ್ಕೇ ಈ ಥ್ರೆಡ್ ಸೇವ್ ಮಾಡ್ಕೊಂಡೆ.

ತೋರಣಗಲ್ಲು ಶಿಫ್ಟು:
ಆರ್‌ಸಿಸಿಬಿ ಹಾಕಿಸಿ ನಾನು ತಲೆ ಕೆಟ್ಟು ತೆಗೆಸಿದೆ. ನೈಟ್ ಶಿಫ್ಟ್ ಮುಗಿಸಿ ಮಲಗಿದ್ರೆ ಟಪ್, ಫ್ಯಾನ್ ಆಫ್. ಎದ್ದು ಎತ್ತಿ ಮಲಗಿದ್ರೆ ಮತ್ತೆ ಟಪ್. ಬಳ್ಳಾರಿ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಮಲಗಿ ನೋಡಿ, ಶಾಕೇ ವಾಸಿ ಅನಿಸುತ್ತೆ.

ಗಂಗಾವತಿ ಮಿಲ್ಲು:
ನಿಮ್ಮ ಮನೆಯಲ್ಲಿ ಯುಪಿಎಸ್ ಇದೆಯಾ?

ತೋರಣಗಲ್ಲು ಶಿಫ್ಟು:
ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಗಂಗಾವತಿ ಮಿಲ್ಲು:
ಅಲ್ಲೇ ಇದೆ ಸಂಬಂಧ. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ ಜೊತೆ ಎಲ್ಲೋ ಸೇರಿಸಿರ್ತಾರೆ. ಫೇಸ್ ಒಂದು ದಾರಿಯಲ್ಲಿ ಹೋಗಿ ನ್ಯೂಟ್ರಲ್ ಇನ್ನೊಂದು ದಾರಿಯಲ್ಲಿ ಬಂದ್ರೆ ತಕ್ಕಡಿ ತಪ್ಪುತ್ತೆ, ಆರ್‌ಸಿಸಿಬಿ ಬೀಳುತ್ತೆ. ಯುಪಿಎಸ್ ನ್ಯೂಟ್ರಲ್ ಬೇರೆ ಎಳೆಸಿ. ಅದಾದ ಮೇಲೂ ಬಿದ್ರೆ ನಿಜವಾಗ್ಲೂ ಎಲ್ಲೋ ಸೋರುತ್ತಿದೆ ಅಂತ. ಬೊಗಳುತ್ತೆ ಅಂತ ನಾಯಿ ಮಾರಿಬಿಟ್ರಲ್ಲ ಅಣ್ಣ.

ತೋರಣಗಲ್ಲು ಶಿಫ್ಟು:
😀 ನಾಯಿ ಇನ್ನೂ ಕಪಾಟಿನಲ್ಲೇ ಇದೆ. ಮತ್ತೆ ಹಾಕಿಸ್ತೀನಿ.

ಬಿಸಿಲೂರ ಹುಡುಗ (ಬಳ್ಳಾರಿ):
ಕಳ್ಳ ಸಿಕ್ಕ!! ಫ್ರಿಜ್.

ವಾಷಿಂಗ್ ಮಷಿನ್ ಕಿತ್ತೆ, ಟೆಸ್ಟರ್ ಉರೀತಾನೇ ಇತ್ತು. ಟಿವಿ, ಉರೀತಿತ್ತು. ಫ್ರಿಜ್ ಪ್ಲಗ್ ಕಿತ್ತ ತಕ್ಷಣ ಕೂಲರ್ ಮೇಲಿನ ದೀಪ ಆರಿತು. ಮತ್ತೆ ಹಾಕಿದೆ, ಉರೀತು. ಮೂರು ಸಲ ಮಾಡಿ ನೋಡಿದೆ, ನಂಬಿಕೆ ಬರಲಿಲ್ಲ.

ಪ್ಲಗ್ ಕಿತ್ತಿಟ್ಟು ಫ್ರಿಜ್ಜನ್ನು ಗೋಡೆಯಿಂದ ಎಳೆದೆ. ಹಿಂದೆ ಕಂಪ್ರೆಸರ್ ಹತ್ರ ಐಸ್ ಕರಗಿದ ನೀರು ಬೀಳೋ ತಟ್ಟೆ ಇರುತ್ತಲ್ಲ, ಅದರಲ್ಲಿ ಅರ್ಧ ಬೆರಳು ನೀರು, ಒಂದಿಷ್ಟು ಇಲಿ ಹಿಕ್ಕೆ. ಪಕ್ಕದ ವೈರನ್ನು ಇಲಿ ನಾಲ್ಕು ಕಡೆ ಕಡಿದಿದೆ. ಕೆಂಪು ಪ್ಲಾಸ್ಟಿಕ್ ಹೋಗಿ ತಾಮ್ರದ ಎಳೆ ಕಾಣ್ತಿತ್ತು, ಅದು ಆ ಒದ್ದೆ ಕೊಳೆಗೆ ಒರಗಿಕೊಂಡಿತ್ತು. ಫ್ರಿಜ್ ಇಷ್ಟು ದಿನ ನಮಗೆ ಯಾಕೆ ಹೊಡೀಲಿಲ್ಲ ಅಂದ್ರೆ ಅದರ ಹಿಡಿ ಪ್ಲಾಸ್ಟಿಕ್, ಮುಂದೆ ಅಮ್ಮ ನಾರಿನ ಮ್ಯಾಟ್ ಹಾಸಿದ್ದಾರೆ.

ಆದ್ರೆ ಒಂದು ಅರ್ಥ ಆಗಲಿಲ್ಲ. ಫ್ರಿಜ್ ಅಡುಗೆಮನೆಯಲ್ಲಿ, ಕೂಲರ್ ಹಾಲ್‌ನಲ್ಲಿ. ಅದರ ಕಾಯಿಲೆ ಇದಕ್ಕೆ ಹೇಗೆ ಬಂತು?

ಹಳೇ ಮೀಟರ್ (ರಾಯಚೂರು):
ಎಲ್ಲ ಸಾಕೆಟ್‌ಗಳ ಅರ್ಥ್ ಪಿನ್ನನ್ನು ಒಂದೇ ಹಸಿರು ವೈರಿನಲ್ಲಿ ಜೋಡಿಸಿದ್ದಾರೆ. ಅದು ಸರಿಯಾದ ಕೆಲಸವೇ. ಆದ್ರೆ ಆ ಹಸಿರು ವೈರ್ ಗುಂಡಿಗೆ ಮುಟ್ಟಿಲ್ಲ ಅಂತ ನನ್ನ ಅನುಮಾನ. ಎಲ್ಲರ ಕೈಯನ್ನೂ ಒಂದಕ್ಕೊಂದು ಕಟ್ಟಿದ್ದಾರೆ, ನೆಲಕ್ಕೆ ಕಟ್ಟಿಲ್ಲ. ಫ್ರಿಜ್ಜಿನ ಸೋರಿಕೆ ಹಸಿರು ವೈರ್ ಹಿಡಿದು ಮನೆ ತುಂಬ ಸುತ್ತುತ್ತಿದೆ. ಬಾಂಡಿಂಗ್ ಇದೆ, ಅರ್ಥಿಂಗ್ ಇಲ್ಲ.

ಮಾನ್ವಿ ಅಕ್ಕ:
ಬಾಂಡಿಂಗ್ ಅಂದ್ರೆ? ಅದೂ ಇದೂ ಒಂದೇ ಅಲ್ವಾ?

ಎರೆಹೊಲ (ಸಿಂಧನೂರು):
ನಾನು ಹೇಳ್ಲಾ ಸರ್, ತಪ್ಪಿದ್ರೆ ತಿದ್ದಿ. ಅಕ್ಕಾ, ಪಕ್ಕಪಕ್ಕದ ಎರಡು ಭತ್ತದ ಗದ್ದೆ. ನೀರಿನ ಮಟ್ಟ ಎರಡರಲ್ಲೂ ಒಂದೇ ಇದ್ರೆ ನಡುವಿನ ಬದು ಒಡೆದ್ರೂ ನೀರು ಹರಿಯಲ್ಲ. ಅದು ಬಾಂಡಿಂಗ್. ಮನೆಯ ಕಬ್ಬಿಣ, ಪೈಪು, ನಲ್ಲಿ, ಗೀಜರ್ ಎಲ್ಲ ತಂತಿಯಲ್ಲಿ ಕಟ್ಟಿ ಒಂದೇ ಮಟ್ಟಕ್ಕೆ ತರೋದು. ಒಂದು ಕೈ ಗೀಜರ್ ಮೇಲೆ, ಇನ್ನೊಂದು ಕೈ ನಲ್ಲಿ ಮೇಲೆ ಇದ್ರೂ ನಡುವೆ ಏನೂ ಹರಿಯಲ್ಲ. ಅರ್ಥಿಂಗ್ ಅಂದ್ರೆ ಆ ಗದ್ದೆಗಳಿಂದ ಹಳ್ಳಕ್ಕೆ ಹೆಚ್ಚಿನ ನೀರು ಬಿಡೋ ತೂಬು. ಇವರ ಮನೆಯಲ್ಲಿ ಗದ್ದೆಗಳೆಲ್ಲ ಒಂದೇ ಮಟ್ಟ, ತೂಬು ಕಟ್ಟಿದೆ. ಮಗು ನಿಂತ ಒದ್ದೆ ನೆಲ ಕೆಳಗಿನ ಹಳ್ಳ. ಮಗುವೇ ತೂಬಾಯ್ತು.

ಹಳೇ ಮೀಟರ್ (ರಾಯಚೂರು):
ಗೌಡ್ರೇ, ಇದರಲ್ಲಿ ತಿದ್ದೋದು ಏನೂ ಇಲ್ಲ.

ಕಲ್ಲುಬಂಡೆ (ಆನೆಗುಂದಿ):
ನೀರಿನ ಪೈಪ್ ಅಂದ್ರಲ್ಲ, ನೆನಪಾಯ್ತು. ನಮ್ಮ ಅಜ್ಜನ ಮನೆಗೆ ಗುಂಡಿಯೇ ಇರಲಿಲ್ಲ. ನಲ್ಲಿಯ ಜಿಐ ಪೈಪಿಗೆ ಒಂದು ತಂತಿ ಸುತ್ತಿದ್ರು, ಅದೇ ಅರ್ಥು. ಊರ ಪೈಪ್ ಬದಲಾಯಿಸಿ ಪ್ಲಾಸ್ಟಿಕ್ ಹಾಕಿದ್ರು. ಅವತ್ತಿಂದ ಮನೆಗೆ ಅರ್ಥಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ನಲ್ಲಿ ತಿರುಗಿಸಿದ ಅಜ್ಜಿ ಕಿರುಚಿದಾಗಲೇ ಗೊತ್ತಾಗಿದ್ದು.

ಎರೆಹೊಲ (ಸಿಂಧನೂರು):
ಹಳ್ಳಿಯಲ್ಲಿ ನನಗೆ ಭಯ ಬಟ್ಟೆ ಒಣಹಾಕೋ ತಂತಿ. ಒಂದು ತುದಿ ತಗಡಿನ ಶೆಡ್ಡಿಗೆ, ಇನ್ನೊಂದು ತುದಿ ಕಂಬಕ್ಕೋ ಗಿಡಕ್ಕೋ. ಸರ್ವಿಸ್ ವೈರ್ ಆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿರುತ್ತೆ. ಮಳೆ ಬಂದ ಮರುದಿನ ಹೆಂಗಸರು ಒದ್ದೆ ಸೀರೆ ಹಿಂಡಿ ತಂತಿಗೆ ಹಾಕ್ತಾರೆ. ನಮ್ಮ ಪಕ್ಕದ ಊರಲ್ಲಿ ತಾಯಿಯನ್ನು ಬಿಡಿಸೋಕೆ ಹೋದ ಮಗನೂ ಹೋದ. ಆಮೇಲೆ ನಮ್ಮನೆ ತಂತಿ ಕಿತ್ತು ನೈಲಾನ್ ಹಗ್ಗ ಕಟ್ಟಿದೆ. ನಲವತ್ತು ರೂಪಾಯಿ.

ತೋರಣಗಲ್ಲು ಶಿಫ್ಟು:
ಹಿಡಿದುಕೊಂಡವರನ್ನು ಬರಿಗೈಲಿ ಎಳೀಬಾರದು. ಮೊದಲು ಮೇನ್ ಆಫ್. ಮೇನ್ ಸಿಗದಿದ್ರೆ ಒಣ ಕಟ್ಟಿಗೆಯಲ್ಲಿ ತಂತಿ ತಳ್ಳಿ. ಉಸಿರಿಲ್ಲದಿದ್ರೆ ಎದೆ ಒತ್ತೋಕೆ ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ಲಾಂಟ್ ಟ್ರೇನಿಂಗ್‌ನಲ್ಲಿ ಬೊಂಬೆ ಮೇಲೆ ಮಾಡಿಸ್ತಾರೆ. ಮನೆಯಲ್ಲಿ ಹೆಂಡತಿಗೂ ಕಲಿಸಿದ್ದೀನಿ, ದಿಂಬಿನ ಮೇಲೆ.

ಕೊಪ್ಪಳ ಸೋಲಾರ್:
ಸಿಡಿಲಿನ ವಿಷಯ ಯಾರೂ ಎತ್ತಲಿಲ್ಲ. ಬೇವಿನ ಮರದ ಕೆಳಗೆ ಕಟ್ಟಿದ ಎತ್ತು ಸಾಯುತ್ತೆ, ಪಕ್ಕದಲ್ಲಿದ್ದ ಮನುಷ್ಯ ಬದುಕ್ತಾನೆ, ಯಾಕೆ? ಸಿಡಿಲು ನೆಲಕ್ಕಿಳಿದಾಗ ಮರದ ಬುಡದಿಂದ ದೂರ ಹೋದಂತೆ ವೋಲ್ಟೇಜ್ ಇಳೀತಾ ಹೋಗುತ್ತೆ. ಎತ್ತಿನ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ವ್ಯತ್ಯಾಸವೂ ಜಾಸ್ತಿ, ದಾರಿ ಎದೆಯ ಮೂಲಕ. ಬಯಲಲ್ಲಿ ಸಿಕ್ಕಿಬಿದ್ರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ ಅನ್ನೋದು ಅದಕ್ಕೇ.

ಸುಮ್ನೆ ಓದೋನು:
ಕೂಲರ್‌ನಿಂದ ಶುರುವಾಗಿ ಎತ್ತಿಗೆ ಬಂದ್ವಿ.

ಬಿಸಿಲೂರ ಹುಡುಗ (ಬಳ್ಳಾರಿ):
ಎತ್ತಿನಿಂದ ಮತ್ತೆ ಕೂಲರ್‌ಗೆ ಬನ್ನಿ, ಇವತ್ತು ಎಲೆಕ್ಟ್ರಿಷಿಯನ್ ಬಂದಿದ್ರು.

ವಯಸ್ಸಾದವರು, ಮಾತು ಕಡಿಮೆ. ಮೊದಲು ಎಲ್ಲ ಮೂರು ಪಿನ್ ಪ್ಲಗ್ ಕೀಳಿಸಿದ್ರು. ಆಮೇಲೆ 100 ವ್ಯಾಟ್ ಬಲ್ಬು, ಹೋಲ್ಡರ್, ಎರಡು ವೈರ್. ಫೇಸ್‌ಗೂ ನ್ಯೂಟ್ರಲ್‌ಗೂ ಹಿಡಿದ್ರೆ ಝಗ್ಗನೆ ಉರೀತು. ಫೇಸ್‌ಗೂ ಅರ್ಥ್ ತೂತಿಗೂ ಹಿಡಿದ್ರೆ ಕತ್ತಲೆ. ಪ್ಲಗ್ ಯಾಕೆ ಕೀಳಿಸಿದ್ರಿ ಅಂತ ಕೇಳಿದೆ. "ಅರ್ಥ್ ಕಟ್ ಆಗಿದ್ರೆ ನಾನು ಬಲ್ಬು ಹಿಡಿದಾಗ ಕರೆಂಟ್ ಬಲ್ಬಿನ ಮೂಲಕ ಎಲ್ಲ ಬಾಡಿಗೂ ಹೋಗುತ್ತೆ. ಆ ಹೊತ್ತಿಗೆ ನಿಮ್ಮಮ್ಮ ಫ್ರಿಜ್ ತೆಗೆದ್ರೆ?" ಅಂದ್ರು. ಮನೆಯಲ್ಲಿ ತಾವೇ ಬಲ್ಬ್ ಟೆಸ್ಟ್ ಮಾಡೋರು ಇದನ್ನ ಓದ್ಕೊಳ್ಳಿ.

ಮೀಟರ್ ಬೋರ್ಡ್ ಬಿಚ್ಚಿದ್ರು. ಒಳಗೆ ಹಸಿರು ವೈರ್ ಬಂದು ಸ್ಕ್ರೂಗೆ ಸೇರಿದೆ. ಆ ಸ್ಕ್ರೂನಿಂದ ಜಿಐ ತಂತಿ ಗೋಡೆ ಇಳಿದು ಹೋಗಿದೆ. ನೆಲದಿಂದ ಒಂದು ಗೇಣು ಮೇಲೆ ಖತಂ. ತುದಿ ನೀಟಾಗಿ ಕತ್ತರಿಸಿ ಗೋಡೆ ಜೊತೆ ಅದಕ್ಕೂ ಹಳದಿ ಬಣ್ಣ ಬಳಿದಿದ್ದಾರೆ. ಓನರ್‌ಗೆ ತೋರಿಸಿದ್ವಿ. ಅವರು ಸ್ವಲ್ಪ ಹೊತ್ತು ನೋಡಿ "ಕಾರ್ ಶೆಡ್ ಕಾಂಕ್ರೀಟ್ ಹಾಕುವಾಗ ಅಡ್ಡ ಬರ್ತಿತ್ತು ಅಂತ ಮೇಸ್ತ್ರಿ ಕಟ್ ಮಾಡಿರಬೇಕು" ಅಂದ್ರು. ಗುಂಡಿ ಕಾರಿನ ಕೆಳಗಿದೆ.

ಹೊಸ ಗುಂಡಿ ಹಿತ್ತಲಲ್ಲಿ, ಗೋಡೆಯಿಂದ ಎರಡು ಮೀಟರ್ ದೂರ. ಅರ್ಥ್ ಟೆಸ್ಟರ್ ತಂದು ಎರಡು ಗೂಟ ನೆಟ್ಟು ಅಳೆದ್ರು, 4.2 ಓಮ್. ಮಸಾರಿ ನೆಲಕ್ಕೆ ಪರವಾಗಿಲ್ಲ ಅಂದ್ರು. ಫ್ರಿಜ್ ವೈರ್ ಬದಲಾಯಿಸಿ ಆಯ್ತು. ಆರ್‌ಸಿಸಿಬಿ ದುಡ್ಡು ಯಾರು ಕೊಡೋದು ಅಂತ ಅರ್ಧ ಗಂಟೆ ಮಾತುಕತೆ. ಎರಡು ಸಾವಿರ ಚಿಲ್ಲರೆ, ಅರ್ಧರ್ಧ ಅಂತ ತೀರ್ಮಾನ.

ಗಂಗಾವತಿ ಮಿಲ್ಲು:
ಅರ್ಧರ್ಧ ಯಾಕೆ ಅಣ್ಣ, ತಂತಿ ಕತ್ತರಿಸಿದವರು ಪೂರ್ತಿ ಕೊಡಬೇಕಿತ್ತು.

ಬಿಸಿಲೂರ ಹುಡುಗ (ಬಳ್ಳಾರಿ):
ಇಲಿ ನಮ್ಮದಂತೆ.

ಮಾನ್ವಿ ಅಕ್ಕ:
😂 ಅಯ್ಯೋ ಶಿವನೇ.

ಹಳೇ ಮೀಟರ್ (ರಾಯಚೂರು):
ಒಳ್ಳೆಯದಾಯ್ತು. ಆರ್‌ಸಿಸಿಬಿ ಮೇಲೆ ಟಿ ಅಂತ ಬರೆದ ಒಂದು ಪುಟ್ಟ ಬಟನ್ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ, ಟಪ್ ಅಂತ ಬೀಳಬೇಕು. ಒಳಗಿನ ಯಂತ್ರ ವರ್ಷಗಟ್ಟಲೆ ಅಲುಗಾಡದಿದ್ರೆ ಅಂಟಿಕೊಳ್ಳುತ್ತೆ. ಆದ್ರೆ ಆ ಬಟನ್ ನೋಡೋದು ಆರ್‌ಸಿಸಿಬಿಯನ್ನು ಮಾತ್ರ, ನಿಮ್ಮ ಗುಂಡಿಯನ್ನಲ್ಲ. ಗುಂಡಿಗೆ ವರ್ಷಕ್ಕೊಮ್ಮೆ ಬೇಸಿಗೆಯಲ್ಲೇ ಅಳತೆ ಮಾಡಿಸಿ. ಮಳೆಗಾಲದಲ್ಲಿ ಎಲ್ಲ ಗುಂಡಿಯೂ ಪಾಸು.

ಜೀನ್ಸ್ ಹೊಲಿಗೆ (ಬಳ್ಳಾರಿ):
ಜಂಪರ್ ಎಲ್ಲ ಬಿಚ್ಚಿಸಿ ಆಯ್ತು ಸರ್. ಹದಿನಾಲ್ಕು ಇದ್ವು. ಜಂಪರ್ ಹಾಕದೆ ಬಿಟ್ಟಿದ್ದ ಮೂರು ಸಾಕೆಟ್‌ನಲ್ಲಿ ಫೇಸ್ ನ್ಯೂಟ್ರಲ್ ಅದಲು ಬದಲಾಗಿತ್ತು. ಜಂಪರ್ ಹಾಕುವಾಗ ಅವುಗಳಲ್ಲಿ ಒಂದನ್ನು ಆರಿಸಿಕೊಂಡಿದ್ರೆ ಏನಾಗ್ತಿತ್ತು ಅಂತ ಹೊಸ ಎಲೆಕ್ಟ್ರಿಷಿಯನ್ ಕೇಳಿದ. ನಾನು ಟೀ ತರಿಸಿದೆ.

ಬಿಸಿಲೂರ ಹುಡುಗ (ಬಳ್ಳಾರಿ):
ಮಗಳು ಈಗ ಕೂಲರ್‌ಗೆ "ಗುಡ್ ಬಾಯ್" ಅಂತ ತಟ್ಟಿ ಹೋಗ್ತಾಳೆ. ಆದ್ರೂ ಚಪ್ಪಲಿ ಹಾಕ್ಸೇ ಬಿಡ್ತೀನಿ.

ಮಾನ್ವಿ ಅಕ್ಕ:
ಹಳೇ ಮೀಟರ್ ಸರ್, ನಮ್ಮನೆಯಲ್ಲೂ ಅದೇ ಕೆಲಸದ ಇಎಲ್‌ಸಿಬಿ ಅಂತ ಒಂದಿದೆ, ಮನೆ ಕಟ್ಟಿದಾಗ ಹಾಕಿದ್ದು. ನೀವು ಹೇಳಿದ ಬಟನ್ ಈಗ ಒತ್ತಿದೆ. ಏನೂ ಆಗಲಿಲ್ಲ.

ಹಳೇ ಮೀಟರ್ (ರಾಯಚೂರು):
ಒತ್ತಿದಾಗ ಕರೆಂಟ್ ಇತ್ತಾ ತಾಯಿ?

ಮಾನ್ವಿ ಅಕ್ಕ:
ಇತ್ತು. ಫ್ಯಾನ್ ತಿರುಗ್ತಾ ಇತ್ತು. ಈಗಲೂ ತಿರುಗ್ತಿದೆ.

ಹಳೇ ಮೀಟರ್ (ರಾಯಚೂರು):
ಇನ್ನೊಂದು ಸಲ ಗಟ್ಟಿಯಾಗಿ ಒತ್ತಿ.

ಮಾನ್ವಿ ಅಕ್ಕ:
ಒತ್ತಿದೆ. ಬಟನ್ ಒಳಗೇ ಕೂತುಬಿಡ್ತು. ಫ್ಯಾನ್ ತಿರುಗ್ತಿದೆ.

ಗಂಗಾವತಿ ಮಿಲ್ಲು:
ಅಕ್ಕಾ, ಇವತ್ತೇ ಬದಲಾಯಿಸಿ. ಮಾನ್ವಿಯಲ್ಲಿ ಯಾರಾದ್ರೂ ಇದ್ದೀರಾ ಇಲ್ಲಿ?